ಕೂಡಿ ಆಡುವುದು, ಕೂಡಿ ಮಾತನಾಡುವುದು

(ಯಲಹಂಕದ ಪುಟ್ಟೇನಹಳ್ಳಿಯಲ್ಲಿ, ಮಲೆನಾಡಿನ ಶಾಲೆಗಳಿಂದ ಬಂದ ವಿದ್ಯಾರ್ಥಿಗಳು ಮತ್ತು ಸ್ಥಳೀಯ ವಿದ್ಯಾರ್ಥಿಗಳು ಒಟ್ಟುಗೂಡಿದ್ದ ಪರಿಸರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ.)



ಕೆರೆಯ ಬಳಿಗೆ ಕರೆತಂದು ಆಟದ ವಿಷಯವನ್ನು ಮಾತನಾಡುವುದೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಪರಿಸರ ಶಿಬಿರವೆಂದರೆ ಹಕ್ಕಿಯ ಹೆಸರು, ಮರದ ಹೆಸರು, ಮಾಲಿನ್ಯದ ಅಂಕಿಸಂಖ್ಯೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅವೂ ಬೇಕು. ಆದರೆ ಈ ದಿನ ನಾನು ಹೇಳಬೇಕೆಂದಿರುವುದು ಬೇರೆ. ಮೊದಲು ಈ ಕೆರೆಯ ಸಂಗತಿಯನ್ನೇ ನೋಡೋಣ. ಆಟದ ಅಗತ್ಯ ಅಲ್ಲಿಂದಲೇ ತಿಳಿಯುತ್ತದೆ.

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಎಂಬ ಹೆಸರಿನ ಕೆರೆಗಳು ಎರಡಿವೆ. ಒಂದು ದಕ್ಷಿಣದಲ್ಲಿ, ಜೆ.ಪಿ. ನಗರದ ಕಡೆಗೆ. ಅಲ್ಲಿ ಸುತ್ತಲಿನ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಕಟ್ಟಿಕೊಂಡು ಕೆರೆಯ ಕೆಲಸಕ್ಕೆ ಇಳಿದರು. ನಾವು ಇರುವುದು ಇನ್ನೊಂದು ಪುಟ್ಟೇನಹಳ್ಳಿಯಲ್ಲಿ. ಈ ಕೆರೆಯ ಮರಗಳ ಮೇಲೆ ಹಾವಕ್ಕಿ, ಬೂದು ಬಕ, ಕೆನ್ನೀಲಿ ಬಕ, ಇರುಳು ಬಕಗಳು ಗೂಡು ಕಟ್ಟುವುದನ್ನು ಪಕ್ಷಿವೀಕ್ಷಕರು ಬಹುಕಾಲದಿಂದ ದಾಖಲಿಸುತ್ತ ಬಂದಿದ್ದಾರೆ. 2015ರಲ್ಲಿ ರಾಜ್ಯ ಸರ್ಕಾರವು ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಹುಟ್ಟಿದ ವ್ಯವಸ್ಥೆ ಇದು. ಇಂಥ ಪ್ರದೇಶವನ್ನು ಘೋಷಿಸುವ ಮೊದಲು ಸ್ಥಳೀಯ ಜನರೊಡನೆ ಸಮಾಲೋಚನೆ ನಡೆಸಬೇಕು. ಆ ಬಳಿಕ ಅದರ ನಿರ್ವಹಣೆಗೆ ಸಲಹೆ ನೀಡಲು ಒಂದು ಸಮಿತಿ ಇರಬೇಕು. ಅದರಲ್ಲಿ ಅರಣ್ಯಾಧಿಕಾರಿಯ ಜೊತೆಗೆ ಗ್ರಾಮ ಪಂಚಾಯಿತಿಯ ಪ್ರತಿನಿಧಿ, ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯವರು ಕುಳಿತುಕೊಳ್ಳಬೇಕೆಂದು ಕಾಯ್ದೆ ಹೇಳುತ್ತದೆ.

ಅಂದರೆ ಹಕ್ಕಿಯನ್ನು ನೋಡುವವರು, ದನ ಮೇಯಿಸುವವರು, ಕಡತ ಬರೆಯುವವರು ಎಲ್ಲರೂ ಒಂದೆಡೆ ಕೂತು ಮಾತನಾಡಿ ತೀರ್ಮಾನಕ್ಕೆ ಬರಬೇಕು. ನಮ್ಮ ಮಲೆನಾಡಿನಲ್ಲಿಯೂ 1993ರ ಸರ್ಕಾರಿ ಆದೇಶದ ನಂತರ ಗ್ರಾಮ ಅರಣ್ಯ ಸಮಿತಿಗಳು ರಚನೆಯಾದವು. ಅವುಗಳ ಸಭೆಗಳನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಇಬ್ಬರು ಮಾತನಾಡುತ್ತಾರೆ, ನಾಲ್ವರು ತಲೆಯಾಡಿಸುತ್ತಾರೆ, ಉಳಿದವರು ಪುಸ್ತಕಕ್ಕೆ ಸಹಿ ಹಾಕಿ ಚಹಾ ಕುಡಿದು ಮನೆಗೆ ಹೋಗುತ್ತಾರೆ. ಕಾಡಿಗೆ ದಿನವೂ ಹೋಗುವ ಹೆಂಗಸರು ಬಾಗಿಲ ಬಳಿ ನಿಂತಿರುತ್ತಾರೆ. ಕಾಯ್ದೆಯು ಸಮಿತಿಯನ್ನು ರಚಿಸಬಲ್ಲುದು; ಆದರೆ ಸಮಿತಿಯಲ್ಲಿ ಕುಳಿತವರಿಗೆ ಮಾತನಾಡುವುದನ್ನೂ ಇನ್ನೊಬ್ಬರ ಮಾತನ್ನು ಕೇಳಿಸಿಕೊಳ್ಳುವುದನ್ನೂ ಯಾರು ಕಲಿಸಬೇಕು? ಶಾಲೆಯಲ್ಲಿ ಹತ್ತು ವರ್ಷ ಬಾಯಿ ಮುಚ್ಚಿ ಕೂತವರು ಹದಿನೆಂಟು ತುಂಬಿದ ದಿನ ಗ್ರಾಮಸಭೆಯಲ್ಲಿ ಎದ್ದು ನಿಲ್ಲುತ್ತಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದ್ದರಿಂದ ನಾನು ಆಟದ ವಿಷಯಕ್ಕೆ ಬರುತ್ತೇನೆ.

ತಂಡ ಕಟ್ಟುವ ಆಟಗಳು ಎಂಬ ಮಾತು ಈಗ ಬೆಂಗಳೂರಿನ ಸುತ್ತಮುತ್ತ ಒಂದು ವ್ಯಾಪಾರವೇ ಆಗಿದೆ. ಕಂಪನಿಗಳು ತಮ್ಮ ನೌಕರರನ್ನು ಬಸ್ಸಿನಲ್ಲಿ ತುಂಬಿಕೊಂಡು ರೆಸಾರ್ಟುಗಳಿಗೆ ಒಯ್ಯುತ್ತವೆ. ಒಂದು ದಿನ ಹಗ್ಗ ಹಿಡಿಸಿ, ಕಣ್ಣಿಗೆ ಬಟ್ಟೆ ಕಟ್ಟಿಸಿ, ಸಂಜೆ ಊಟ ಹಾಕಿ ಮರಳಿ ತರುತ್ತವೆ. ನಮ್ಮ ಪಶ್ಚಿಮ ಘಟ್ಟದ ಹೊಳೆಬದಿಗಳಿಗೂ ಈ ವ್ಯಾಪಾರ ಕಾಲಿಟ್ಟಿದೆ. ಅದನ್ನು ಕಂಡು ನಮ್ಮ ಹಿರಿಯರು ಆಟಗಳನ್ನೇ ತಿರಸ್ಕರಿಸಿದರೆ ಅದು ತಪ್ಪಾದೀತು. ಈ ಪದ್ಧತಿಯ ಒಂದು ಬೇರು ಬಹಳ ಗಂಭೀರವಾದದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಕುರ್ಟ್ ಹಾನ್ ಎಂಬ ಶಿಕ್ಷಕರು ವೇಲ್ಸ್ ದೇಶದ ಅಬರ್‌ಡವಿ ಎಂಬಲ್ಲಿ, ಲಾರೆನ್ಸ್ ಹೋಲ್ಟ್ ಎಂಬ ಹಡಗು ಉದ್ಯಮಿಯ ನೆರವಿನಿಂದ, ಒಂದು ಶಾಲೆಯನ್ನು ತೆರೆದರು. ಮುಳುಗಿದ ಹಡಗಿನಿಂದ ಪಾರಾಗಿ ಸಣ್ಣ ದೋಣಿಯಲ್ಲಿ ದಿನಗಟ್ಟಲೆ ತೇಲಬೇಕಾದ ಎಳೆಯ ನಾವಿಕರಿಗೆ ಒಬ್ಬರನ್ನೊಬ್ಬರು ನಂಬಿ ಬದುಕುಳಿಯುವುದನ್ನು ಕಲಿಸುವುದು ಅದರ ಉದ್ದೇಶವಾಗಿತ್ತು. ನಮ್ಮ ನಾಡಿನಲ್ಲಿಯೂ ಹುಬ್ಬಳ್ಳಿಯ ನಾ.ಸು. ಹರ್ಡೀಕರರು 1923ರಲ್ಲಿ ಹಿಂದೂಸ್ಥಾನಿ ಸೇವಾದಳವನ್ನು ಆರಂಭಿಸಿದಾಗ ಕವಾಯತು, ಆಟ, ಶಿಬಿರಜೀವನಗಳ ಮೂಲಕವೇ ತರುಣರನ್ನು ಸಿದ್ಧಗೊಳಿಸಿದರು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಆ ಸ್ವಯಂಸೇವಕರು ದುಡಿದರು. ಎರಡೂ ಕಡೆ ಆಟದ ಹಿಂದೆ ಒಂದು ನಿಜವಾದ ಕೆಲಸವಿತ್ತು. ಆ ಕೆಲಸ ಮಾಯವಾಗಿ ಆಟ ಮಾತ್ರ ಉಳಿದಾಗ ಅದು ರೆಸಾರ್ಟಿನ ಮನರಂಜನೆಯಾಗುತ್ತದೆ.

ನಮ್ಮ ಹಳೆಯ ಆಟಗಳಲ್ಲಿ ಈ ಕಲಿಕೆ ಇರಲಿಲ್ಲವೆ? ಇತ್ತು, ಧಾರಾಳವಾಗಿ ಇತ್ತು. ಖೋ-ಖೋ ಆಟವನ್ನೇ ನೋಡಿ. ಎಂಟು ಜನ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ; ಒಬ್ಬನು ಪೂರ್ವಕ್ಕೆ ಮುಖ ಮಾಡಿದರೆ ಪಕ್ಕದವನು ಪಶ್ಚಿಮಕ್ಕೆ. ಬೆನ್ನಟ್ಟುವವನಿಗೆ ಹಿಂದಿರುಗುವ ಅವಕಾಶವಿಲ್ಲ. ತನ್ನಿಂದಾಗದ ಕಡೆ ಕುಳಿತವನ ಬೆನ್ನು ಮುಟ್ಟಿ ಒಂದೇ ಅಕ್ಷರದಲ್ಲಿ ಕೆಲಸವನ್ನು ಒಪ್ಪಿಸಬೇಕು. ಯಾವಾಗ ಬಿಟ್ಟುಕೊಡಬೇಕು ಎಂಬುದನ್ನು ತಿಳಿಯದ ಶೂರನಿಂದ ತಂಡ ಸೋಲುತ್ತದೆ.

ಆಡು-ಹುಲಿ ಆಟದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಇದರ ಮನೆಗಳನ್ನು ಕೊರೆದಿರುವುದನ್ನು ನೀವು ಕಂಡಿರಬಹುದು. ಮೂರು ಹುಲಿ, ಹದಿನೈದು ಆಡು. ಹುಲಿಯು ಆಡಿನ ಮೇಲೆ ಹಾರಿ ಆಚೆಯ ಖಾಲಿ ಮನೆಗೆ ಇಳಿದರೆ ಆಡು ಸತ್ತಂತೆ. ಆಡಿಗೆ ಹಾರುವ ಶಕ್ತಿಯಿಲ್ಲ, ಕೊಲ್ಲುವ ಶಕ್ತಿಯೂ ಇಲ್ಲ. ಅದಕ್ಕಿರುವುದು ಒಂದೇ ಉಪಾಯ: ತನ್ನ ಹಿಂದಿನ ಮನೆಯಲ್ಲಿ ಇನ್ನೊಂದು ಆಡು ನಿಂತಿರುವಂತೆ ನೋಡಿಕೊಳ್ಳುವುದು. ಹೀಗೆ ಬೆನ್ನಿಗೆ ನಿಂತು ನಿಂತು ಹುಲಿಗಳಿಗೆ ಕದಲಲು ಜಾಗವಿಲ್ಲದಂತೆ ಮಾಡಿದರೆ ಆಡುಗಳ ಗೆಲುವು. ಕಲ್ಲಿನ ಮೇಲೆ ಆಡುವಾಗ ಹದಿನೈದು ಆಡುಗಳನ್ನೂ ಒಬ್ಬನೇ ನಡೆಸುತ್ತಾನೆ. ಅಲ್ಲಿ ಸಂವಹನದ ಪ್ರಶ್ನೆ ಬರುವುದಿಲ್ಲ. ಆದರೆ ಅದೇ ಮನೆಗಳನ್ನು ಶಾಲೆಯ ಬಯಲಿನಲ್ಲಿ ಸುಣ್ಣದ ಪುಡಿಯಿಂದ ದೊಡ್ಡದಾಗಿ ಬರೆದು, ಹದಿನೈದು ವಿದ್ಯಾರ್ಥಿಗಳನ್ನು ಆಡುಗಳನ್ನಾಗಿಯೂ ಮೂವರನ್ನು ಹುಲಿಗಳನ್ನಾಗಿಯೂ ನಿಲ್ಲಿಸಿ ಆಡಿಸಿರಿ. ಎಲ್ಲವೂ ಬದಲಾಗುತ್ತದೆ. ಹದಿನೈದು ಬಾಯಿಗಳು ಒಮ್ಮೆಲೇ ಕೂಗುತ್ತವೆ. ಯಾರು ಮುಂದೆ ಸರಿಯಬೇಕೆಂಬ ವಾದದಲ್ಲಿ ಎರಡು ಆಡುಗಳು ಹೋಗಿಯೇ ಬಿಡುತ್ತವೆ. ತಾನೊಬ್ಬನು ಉಳಿದರೆ ಸಾಕೆಂದು ಮೂಲೆ ಹಿಡಿದು ನಿಲ್ಲುವವನೂ ಇರುತ್ತಾನೆ. ಅವನು ಕೊನೆಯವರೆಗೂ ಉಳಿಯುತ್ತಾನೆ, ಆದರೆ ಅವನು ತುಂಬಬೇಕಿದ್ದ ಮನೆ ಖಾಲಿ ಉಳಿದು ತಂಡ ಸೋಲುತ್ತದೆ. ಇನ್ನೊಂದು ತೊಡಕು ಇದೆ. ಆಡುಗಳು ಮಾತನಾಡಿಕೊಂಡದ್ದೆಲ್ಲ ಹುಲಿಗಳ ಕಿವಿಗೂ ಬೀಳುತ್ತದೆ. ಆದ್ದರಿಂದ ಆಟಕ್ಕೆ ಮೊದಲೇ ಕುಳಿತು, ಇಂಥ ಸಂದರ್ಭ ಬಂದರೆ ಇಂಥವರು ಹೀಗೆ ನಿಲ್ಲಬೇಕು ಎಂದು ಒಪ್ಪಂದ ಮಾಡಿಕೊಂಡ ತಂಡವೇ ಗೆಲ್ಲುತ್ತದೆ. ಎರಡು ಮೂರು ಸಲ ಸೋತ ಮೇಲೆ ಇದು ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ. ಶಿಕ್ಷಕರು ಮೊದಲೇ ಹೇಳಿಕೊಟ್ಟರೆ ಆಟ ಕೆಡುತ್ತದೆ.

ಇನ್ನು ಕಿವಿಮಾತಿನ ಆಟ. ಸಾಲಾಗಿ ಕುಳಿತ ಇಪ್ಪತ್ತು ಜನರಲ್ಲಿ ಮೊದಲಿನವರ ಕಿವಿಯಲ್ಲಿ ಒಂದು ಸುದ್ದಿಯನ್ನು ಹೇಳಿ, ಕಿವಿಯಿಂದ ಕಿವಿಗೆ ದಾಟಿಸಿ, ಕೊನೆಯವರಿಂದ ಹೇಳಿಸುವುದು. ಇದನ್ನು ಎಲ್ಲರೂ ನಗುವಿಗಾಗಿ ಆಡುತ್ತಾರೆ. ನಾವು ಮಳೆಗಾಲದ ಒಂದು ಸುದ್ದಿಯನ್ನು ಇಟ್ಟುಕೊಂಡು ಆಡಿಸುತ್ತೇವೆ: ‘ಮೇಲಿನ ಹಳ್ಳದ ಬದಿಯ ಗುಡ್ಡ ಬಿರಿದಿದೆ. ದನಗಳ ಕಣ್ಣಿ ಬಿಚ್ಚಿ, ಮಕ್ಕಳನ್ನು ಕರೆದುಕೊಂಡು ಶಾಲೆಗೆ ಬನ್ನಿ. ಸಂಕದ ದಾರಿಯಲ್ಲಿ ಬರಬೇಡಿ.’ ಹತ್ತನೆಯ ಕಿವಿಗೆ ತಲುಪುವಷ್ಟರಲ್ಲಿ ದನಗಳು ಮಾಯವಾಗಿರುತ್ತವೆ. ಇಪ್ಪತ್ತನೆಯವರು ಕೆಲವು ಸಲ ‘ಸಂಕದ ದಾರಿಯಲ್ಲಿ ಬನ್ನಿ’ ಎಂದೇ ಹೇಳುತ್ತಾರೆ. ‘ಬೇಡಿ’ ಎಂಬ ಒಂದು ತುಣುಕು ದಾರಿಯಲ್ಲಿ ಬಿದ್ದುಹೋಗಿರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದುದನ್ನೂ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದುದನ್ನೂ ಕಂಡಿರುವ ನಮಗೆ ಇಲ್ಲಿ ನಗು ಬರುವುದಿಲ್ಲ. ವಿದ್ಯುತ್ತು, ಫೋನು ಎರಡೂ ನಿಂತ ರಾತ್ರಿ ಮಲೆನಾಡಿನ ಒಂಟಿ ಮನೆಗಳಿಗೆ ಸುದ್ದಿ ಮುಟ್ಟುವುದು ಕೂಗಿನಿಂದಲೇ. ಕೂಗಳತೆ ಎಂಬ ಅಳತೆಯ ಮಾತು ನಮ್ಮ ಭಾಷೆಯಲ್ಲಿ ಸುಮ್ಮನೆ ಹುಟ್ಟಿಲ್ಲ.

ಎರಡನೆಯ ಸಲ ಆಡಿಸುವಾಗ ಒಂದೇ ಒಂದು ನಿಯಮವನ್ನು ಬದಲಾಯಿಸಬೇಕು. ಕೇಳಿಸಿಕೊಂಡವರು ತಮಗೆ ತಿಳಿದದ್ದನ್ನು ಹೇಳಿದವರಿಗೆ ಮರಳಿ ಒಪ್ಪಿಸಬೇಕು. ಅನುಮಾನವಿದ್ದರೆ ಪ್ರಶ್ನೆ ಕೇಳಬಹುದು. ಸಮಯ ಮೂರು ಪಟ್ಟು ಹಿಡಿಯುತ್ತದೆ, ಆದರೆ ಸುದ್ದಿ ಬಹುಮಟ್ಟಿಗೆ ಸರಿಯಾಗಿ ತಲುಪುತ್ತದೆ.

ಈ ಆಟ ನಮ್ಮ ಘಟ್ಟದ ಇತ್ತೀಚಿನ ಚರಿತ್ರೆಯನ್ನೂ ನೆನಪಿಗೆ ತರುತ್ತದೆ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮ ಘಟ್ಟ ತಜ್ಞರ ಸಮಿತಿಯು 2011ರಲ್ಲಿ ವರದಿಯನ್ನು ಸಲ್ಲಿಸಿತು. ಅದರ ವಿಷಯವನ್ನು ಗ್ರಾಮಸಭೆಗಳ ಮುಂದಿಟ್ಟು ಜನರ ಅಭಿಪ್ರಾಯದಿಂದಲೇ ತೀರ್ಮಾನಗಳಾಗಬೇಕೆಂಬುದು ಆ ಸಮಿತಿಯ ನಿಲುವಾಗಿತ್ತು. ಆದರೆ ವರದಿ ಇಂಗ್ಲಿಷಿನಲ್ಲಿತ್ತು. ನಮ್ಮ ಹಳ್ಳಿಗಳಿಗೆ ವರದಿಗಿಂತ ಮೊದಲೇ ವರದಿಯ ಸುದ್ದಿ ತಲುಪಿತು. ಅದೂ ಕಿವಿಯಿಂದ ಕಿವಿಗೆ. ದನ ಸಾಕುವಂತಿಲ್ಲವಂತೆ, ಮನೆಗೆ ಹೆಂಚು ಹೊದಿಸುವಂತಿಲ್ಲವಂತೆ, ಊರನ್ನೇ ಎಬ್ಬಿಸುತ್ತಾರಂತೆ ಎಂಬ ಮಾತುಗಳು ಹಬ್ಬಿದವು. ವರದಿಯನ್ನು ಒಪ್ಪುವುದು ಬಿಡುವುದು ಜನರ ಹಕ್ಕು. ಒಪ್ಪದಿರಲು ಸಕಾರಣಗಳೂ ಇದ್ದಿರಬಹುದು. ಆದರೆ ಓದದೆ, ಮರುಪ್ರಶ್ನೆ ಕೇಳದೆ, ‘ಅಂತೆ’ಗಳ ಆಧಾರದ ಮೇಲೆ ಪರ ವಿರೋಧದ ಪಂಗಡಗಳಾದದ್ದು ನಮ್ಮ ಸಂವಹನದ ಸೋಲು. ಇದರಲ್ಲಿ ಪರಿಸರದ ಕೆಲಸ ಮಾಡುವವರ ಪಾಲೂ ಇದೆ. ನಾವು ಕೂಡ ಹಳ್ಳಿಗರಿಗೆ ಹೇಳಿದ್ದೇ ಹೆಚ್ಚು, ಕೇಳಿದ್ದು ಕಡಿಮೆ.

ಈಗ ಮೂರನೆಯ ಆಟ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಅಮೆರಿಕದ ಮನಃಶಾಸ್ತ್ರಜ್ಞ ಜೂಲಿಯನ್ ಎಡ್ನಿ 1979ರಲ್ಲಿ ಕಬ್ಬಿಣದ ನಟ್ಟುಗಳನ್ನು ಬಳಸುವ ಇಂಥದೊಂದು ಆಟವನ್ನು ಪ್ರಕಟಿಸಿದರು. ನಾವು ನಟ್ಟುಗಳ ಬದಲಿಗೆ ಹುಣಸೆಬೀಜಗಳನ್ನು ಬಳಸುತ್ತೇವೆ, ಲೆಕ್ಕವನ್ನೂ ನಮ್ಮ ಅನುಕೂಲಕ್ಕೆ ತಕ್ಕಂತೆ ಇಟ್ಟುಕೊಂಡಿದ್ದೇವೆ. ಐವರು ಒಂದು ಬೋಗುಣಿಯ ಸುತ್ತ ಕುಳಿತುಕೊಳ್ಳಬೇಕು. ಬೋಗುಣಿಯಲ್ಲಿ 20 ಬೀಜಗಳು. ಶಿಕ್ಷಕರು ಚಪ್ಪಾಳೆ ತಟ್ಟಿದಾಗ ಪ್ರತಿಯೊಬ್ಬರೂ ತಮಗೆ ಬೇಕಾದಷ್ಟು ಬೀಜಗಳನ್ನು ತೆಗೆದುಕೊಳ್ಳಬಹುದು. ಅದು ಒಂದು ಸುತ್ತು, ಅಂದರೆ ಒಂದು ವರ್ಷ. ವರ್ಷದ ಕೊನೆಗೆ ಬೋಗುಣಿಯಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನೇ ಶಿಕ್ಷಕರು ಮತ್ತೆ ಸೇರಿಸುತ್ತಾರೆ; ಆದರೆ ಒಟ್ಟು 20ನ್ನು ಮೀರುವಂತಿಲ್ಲ. ಹತ್ತು ವರ್ಷದ ಆಟ. ಮೊದಲ ಸಲ ಮಾತು ನಿಷಿದ್ಧ.

ಸಾಮಾನ್ಯವಾಗಿ ಏನಾಗುತ್ತದೆಂದು ಊಹಿಸಬಲ್ಲಿರಿ. ಪಕ್ಕದವನು ಬಾಚುತ್ತಾನೆಂಬ ಭಯದಿಂದ ಎಲ್ಲರೂ ಬಾಚುತ್ತಾರೆ. ತಲಾ ನಾಲ್ಕು ತೆಗೆದರೆ ಮೊದಲ ವರ್ಷದಲ್ಲೇ ಬೋಗುಣಿ ಬರಿದು. ತಲಾ ಮೂರು ತೆಗೆದರೆ ಐದು ಉಳಿದು ಹತ್ತಾಗುತ್ತದೆ. ಮರುವರ್ಷ ತಲಾ ಎರಡು ಸಿಕ್ಕಿ ಆಟ ಮುಗಿಯುತ್ತದೆ, ಒಬ್ಬೊಬ್ಬರ ಕೈಯಲ್ಲಿ ಒಟ್ಟು ಐದೇ ಬೀಜ. ಆದರೆ ತಲಾ ಎರಡು ಮಾತ್ರ ತೆಗೆದರೆ ಹತ್ತು ಉಳಿದು ಮತ್ತೆ ಇಪ್ಪತ್ತಾಗುತ್ತದೆ. ಹತ್ತು ವರ್ಷಗಳ ಕೊನೆಗೆ ಪ್ರತಿಯೊಬ್ಬರ ಬಳಿ 20 ಬೀಜಗಳು, ಬೋಗುಣಿಯಲ್ಲಿಯೂ ತುಂಬ 20 ಬೀಜಗಳು! ಮೂರಕ್ಕೂ ಎರಡಕ್ಕೂ ಇರುವುದು ಒಂದೇ ಬೀಜದ ಅಂತರ. ತಲಾ ಒಂದನ್ನೇ ತೆಗೆದರೆ ಏನು ಎಂದು ಜಾಣ ವಿದ್ಯಾರ್ಥಿಯೊಬ್ಬ ಕೇಳಿಯೇ ಕೇಳುತ್ತಾನೆ. ಆಗ ಹತ್ತು ವರ್ಷಕ್ಕೆ ಹತ್ತು ಬೀಜ ಮಾತ್ರ. ಬೆಳೆಯಬಹುದಾಗಿದ್ದುದು ಬೆಳೆಯಲು ಸ್ಥಳವಿಲ್ಲದೆ ವ್ಯರ್ಥವಾಗುತ್ತದೆ. ಕಾಡನ್ನು ಯಾರೂ ಮುಟ್ಟಲೇಕೂಡದು ಎನ್ನುವ ನಗರದ ಪರಿಸರಪ್ರೇಮಿಗಳು ಈ ಲೆಕ್ಕವನ್ನೂ ಗಮನಿಸಬೇಕು.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಬಂದವರಿಗೆ ಈ ಬೋಗುಣಿ ಯಾವುದೆಂದು ಹೇಳಬೇಕಾಗಿಲ್ಲ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟ ವ್ಯವಸ್ಥೆ ಅಲ್ಲಿಯದು. ಬೆಟ್ಟದ ಸೊಪ್ಪು, ದರಗುಗಳಿಂದ ತೋಟ ಉಳಿದಿದೆ. ಎಲ್ಲೆಲ್ಲಿ ಊರವರು ಕೂತು ಮಾತನಾಡಿ, ಯಾವ ಮರದ ಸೊಪ್ಪನ್ನು ಯಾವಾಗ ಎಷ್ಟು ಕಡಿಯಬೇಕೆಂದು ಗೊತ್ತುಮಾಡಿಕೊಂಡರೋ ಅಲ್ಲಿ ಬೆಟ್ಟ ಹಸಿರಾಗಿದೆ. ಉಳಿದೆಡೆ ಬೋಳು ಗುಡ್ಡ. ಬಯಲುಸೀಮೆಯ ವಿದ್ಯಾರ್ಥಿಗಳಿಗೆ ಬೋಗುಣಿ ಎಂದರೆ ಕೆರೆ. ಈ ಸೀಮೆಯ ಹಳ್ಳಿಗಳಲ್ಲಿ ನೀರಗಂಟಿ ಎಂಬಾತನಿದ್ದ. ಕೆರೆಯ ತೂಬನ್ನು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ನೀರು ಕಡಿಮೆಯಾದ ವರ್ಷ ಎಷ್ಟು ಭೂಮಿಗೆ ನೀರು ಹಾಯಿಸಬೇಕೆಂಬುದನ್ನು ಊರವರು ಕೂಡಿ ತೀರ್ಮಾನಿಸುತ್ತಿದ್ದರು. ಆ ಪದ್ಧತಿಯಲ್ಲಿ ಜಾತಿಯ ಮೇಲುಕೀಳು ಇರಲಿಲ್ಲವೆಂದು ನಾನು ಹೇಳಲಾರೆ, ಹಳೆಯದೆಲ್ಲ ಚಿನ್ನವೆಂಬ ಭ್ರಮೆ ಬೇಡ. ಆದರೆ ತೂಬು ಎತ್ತುವ ಮೊದಲು ಮಾತು ನಡೆಯಬೇಕೆಂಬ ತಿಳಿವಳಿಕೆ ಅಲ್ಲಿ ಇತ್ತು.

ಎರಡನೆಯ ಸಲ ಆಡಿಸುವಾಗ ಮೊದಲು ಐದು ನಿಮಿಷ ಮಾತಿಗೆ ಬಿಡಬೇಕು. ಎಲ್ಲ ತಂಡಗಳೂ ಬದಲಾಗುವುದಿಲ್ಲ, ಆದರೆ ಬಹಳಷ್ಟು ಬದಲಾಗುತ್ತವೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್ ಮತ್ತು ಅವರ ಸಂಗಡಿಗರು ಇಂಥ ಪ್ರಯೋಗಗಳನ್ನು ಪದೇ ಪದೇ ಮಾಡಿ ನೋಡಿದ್ದಾರೆ. ದಂಡ ಹಾಕುವ ಅಧಿಕಾರಿ ಯಾರೂ ಇಲ್ಲದೆ, ಬರಿಯ ಮಾತುಕತೆಗೆ ಅವಕಾಶ ಕೊಟ್ಟಾಗಲೂ ಜನರು ಸಾಮೂಹಿಕ ಸಂಪತ್ತನ್ನು ಹೆಚ್ಚು ವಿವೇಕದಿಂದ ಬಳಸಿದರು. ಒಮ್ಮೆ ಮಾತ್ರ ಮಾತನಾಡಿ ಬಿಟ್ಟರೆ ಒಪ್ಪಂದ ಸಡಿಲವಾಗುತ್ತಿತ್ತು. ಮತ್ತೆ ಮತ್ತೆ ಸೇರಿ ಮಾತನಾಡಿದಾಗ ಗಟ್ಟಿಯಾಗುತ್ತಿತ್ತು. ನೆರೆಯ ಆಂಧ್ರಪ್ರದೇಶದ ಒಣಭೂಮಿಯ ಹಳ್ಳಿಗಳಲ್ಲಿ 2013ರಿಂದ ಫೌಂಡೇಶನ್ ಫಾರ್ ಇಕಲಾಜಿಕಲ್ ಸೆಕ್ಯುರಿಟಿ ಎಂಬ ಸಂಸ್ಥೆಯು ಸಂಶೋಧಕರ ಜೊತೆಗೂಡಿ ರೈತರಿಗೆ ಅಂತರ್ಜಲದ ಆಟವನ್ನು ಆಡಿಸಿತು. ಕಡಿಮೆ ನೀರಿನ ಬೆಳೆಯೋ ಹೆಚ್ಚು ನೀರಿನ ಬೆಳೆಯೋ ಎಂದು ಪ್ರತಿಯೊಬ್ಬರೂ ಗುಟ್ಟಾಗಿ ಆರಿಸಬೇಕು, ಆಯ್ಕೆಗಳಿಗೆ ತಕ್ಕಂತೆ ನೀರಿನ ಮಟ್ಟ ಇಳಿಯುತ್ತದೆ. ಆಟ ಮುಗಿದ ಮೇಲೆ ಊರಿಗೆ ಊರೇ ಸೇರಿ ಚರ್ಚೆ. ಹೀಗೆ ಆಡಿದ ಊರುಗಳಲ್ಲಿ ನೀರಿನ ಲೆಕ್ಕ ಇಡುವುದು, ನಿಯಮ ಮಾಡಿಕೊಳ್ಳುವುದು ಇತರ ಊರುಗಳಿಗಿಂತ ಹೆಚ್ಚಾಗಿ ಕಂಡುಬಂತೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬೀಜದ ಆಟವು ಮಕ್ಕಳಾಟವೆಂದು ಹೀಗಳೆಯುವ ಹಿರಿಯರಿಗಾಗಿ ಈ ಮಾತನ್ನು ಹೇಳಿದೆ.

ಇಲ್ಲಿ ಶಿಕ್ಷಕರಿಗೆ ಒಂದು ಎಚ್ಚರಿಕೆ. ಶಿಬಿರವೆಂದೊಡನೆ ಎರಡು ತಂಡ ಮಾಡಿ, ಹಗ್ಗಜಗ್ಗಾಟ ಏರ್ಪಡಿಸಿ, ಗೆದ್ದವರಿಗೆ ಬಹುಮಾನ ಕೊಡುವುದು ನಮ್ಮ ರೂಢಿ. ನಮ್ಮ ಶಾಲೆಗಳ ಪ್ರತಿಭಾ ಕಾರಂಜಿಯಲ್ಲಿಯೂ ಮೊದಲನೆಯವರು, ಎರಡನೆಯವರು, ಮೂರನೆಯವರು ಎಂಬ ಎಣಿಕೆಯೇ. 1954ರಲ್ಲಿ ಮುಜಫರ್ ಶೆರಿಫ್ ಎಂಬ ಮನಃಶಾಸ್ತ್ರಜ್ಞರು ಅಮೆರಿಕದ ಒಕ್ಲಹೋಮ ರಾಜ್ಯದ ರಾಬರ್ಸ್ ಕೇವ್ ಎಂಬ ಬೆಟ್ಟದ ಶಿಬಿರದಲ್ಲಿ 22 ಹುಡುಗರನ್ನು ಎರಡು ತಂಡ ಮಾಡಿ ಸ್ಪರ್ಧೆಗೆ ಬಿಟ್ಟರು. ಕೆಲವೇ ದಿನಗಳಲ್ಲಿ ಹುಡುಗರು ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟು, ಬಿಡಾರಗಳ ಮೇಲೆ ದಾಳಿ ಮಾಡುವ ಮಟ್ಟಕ್ಕೆ ಹೋದರು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ಅನ್ನವನ್ನೇ ಎರಚಾಡಿದರು. ಹಗೆ ತಗ್ಗಿದ್ದು ಯಾವಾಗ? ಶಿಬಿರದ ನೀರಿನ ತೊಟ್ಟಿಯಿಂದ ನೀರು ಬರುವುದು ನಿಂತಾಗ. ಎರಡೂ ತಂಡಗಳು ಬಾಯಾರಿ, ಕೊಳವೆಯ ಉದ್ದಕ್ಕೂ ಹುಡುಕಿಕೊಂಡು ಹೋಗಿ ಕೂಡಿಯೇ ದುರಸ್ತಿ ಮಾಡಬೇಕಾಯಿತು. ಮುಂದೆ ಊಟ ತರಬೇಕಿದ್ದ ಲಾರಿ ಕೆಟ್ಟು ನಿಂತಾಗ, ಹಿಂದೆ ಹಗ್ಗಜಗ್ಗಾಟದಲ್ಲಿ ಎದುರುಬದುರು ಎಳೆದಿದ್ದ ಅದೇ ಹಗ್ಗವನ್ನು ಕಟ್ಟಿ ಎಲ್ಲರೂ ಒಂದೇ ಕಡೆಗೆ ಎಳೆದರು. ಈ ತೊಂದರೆಗಳನ್ನು ಒಡ್ಡಿದವರು ಸಂಶೋಧಕರೇ. ಹಗೆಯನ್ನು ಕೆರಳಿಸಿದವರೂ ಅವರೇ ಎಂಬ ಟೀಕೆಯನ್ನು ಲೇಖಕಿ ಜೀನಾ ಪೆರಿ 2018ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಮಂಡಿಸಿದ್ದಾರೆ, ಟೀಕೆ ಸರಿಯಾದುದೇ. ಆದರೆ ಆ ಟೀಕೆಯಿಂದಲೂ ಶಿಕ್ಷಕರಾದ ನಾವು ಕಲಿಯಬಹುದು. ಶಿಬಿರದಲ್ಲಿ ಹಗೆಯೋ ಸ್ನೇಹವೋ ಎಂಬುದು ಬಹುಮಟ್ಟಿಗೆ ಆಟ ಆಡಿಸುವವರ ಕೈಯಲ್ಲಿದೆ. ಆದ್ದರಿಂದ ಈ ಶಿಬಿರದಲ್ಲಿ ಘಟ್ಟದವರು ಒಂದು ತಂಡ, ಬೆಂಗಳೂರಿನವರು ಒಂದು ತಂಡ ಎಂದು ಯಾರೂ ಮಾಡಕೂಡದೆಂದು ಮೊದಲೇ ಕೇಳಿಕೊಂಡಿದ್ದೇನೆ.

ಕಾಲುಸಂಕದ ಆಟವನ್ನು ಹೇಳಿ ಮುಗಿಸುತ್ತೇನೆ. ನಗರದ ಮಿತ್ರರಿಗೆ ತಿಳಿಯಲೆಂದು ಹೇಳುವುದಾದರೆ, ಮಳೆಗಾಲದಲ್ಲಿ ಹಳ್ಳ ದಾಟಲು ಅಡಿಕೆಮರದ ಕಾಂಡಗಳನ್ನು ಜೋಡಿಸಿ ಹಾಕುವ ಕಿರುಸೇತುವೆಗೆ ನಾವು ಕಾಲುಸಂಕ ಎನ್ನುತ್ತೇವೆ. ನಮ್ಮ ಅನೇಕ ಮಕ್ಕಳು ಶಾಲೆಗೆ ಬರುವುದು ಅದರ ಮೇಲೆಯೇ. ಆಟದಲ್ಲಿ ನೆಲದ ಮೇಲೆ ಒಂದು ಉದ್ದನೆಯ ಹಲಗೆಯನ್ನಿಟ್ಟು ಹತ್ತು ಜನರನ್ನು ಅದರ ಮೇಲೆ ಸಾಲಾಗಿ ನಿಲ್ಲಿಸುತ್ತೇವೆ. ಯಾರೂ ನೆಲಕ್ಕೆ ಕಾಲು ತಾಗಿಸದೆ ಸಾಲು ಪೂರ್ತಿ ಅದಲುಬದಲಾಗಬೇಕು. ಮೊದಲಿನವರು ಕೊನೆಗೆ, ಕೊನೆಯವರು ಮೊದಲಿಗೆ. ಒಬ್ಬರ ಕಾಲು ಜಾರಿದರೂ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಗಂಡುಮಕ್ಕಳದೇ, ಹೆಣ್ಣುಮಕ್ಕಳದೇ ಸಾಲು ಮಾಡಿದರೂ ಅಡ್ಡಿಯಿಲ್ಲ. ಅವರವರ ಸಂಕೋಚವನ್ನು ಗೌರವಿಸಬೇಕು.

ಈ ಆಟದಲ್ಲಿ ಗಮನಿಸಬೇಕಾದದ್ದು ಕಾಲುಗಳನ್ನಲ್ಲ. ಒಮ್ಮೆ ಒಂದು ಶಾಲೆಯಲ್ಲಿ ಆಡಿಸಿದಾಗ ಸಾಲಿನ ಆರನೆಯವಳಾಗಿ ನಿಂತಿದ್ದ ಹುಡುಗಿಯೊಬ್ಬಳು ‘ಒಬ್ಬರು ಕೂತುಕೊಂಡರೆ ಇನ್ನೊಬ್ಬರು ದಾಟಬಹುದು’ ಎಂದು ಮೆಲ್ಲಗೆ ಹೇಳಿದಳು. ಯಾರೂ ಕಿವಿಗೊಡಲಿಲ್ಲ. ನಾಲ್ಕು ಸಲ ಬಿದ್ದ ಮೇಲೆ ತರಗತಿಯ ಮುಖಂಡಳು ಅದೇ ಮಾತನ್ನು ಗಟ್ಟಿಯಾಗಿ ಹೇಳಿದಳು. ಎಲ್ಲರೂ ಹಾಗೆಯೇ ಮಾಡಿ ದಾಟಿದರು, ಚಪ್ಪಾಳೆ ಮುಖಂಡಳಿಗೆ ಬಿತ್ತು. ಆಟ ಮುಗಿದ ಮೇಲೆ ವೃತ್ತಾಕಾರವಾಗಿ ಕೂತು ‘ಈ ಉಪಾಯವನ್ನು ಮೊದಲು ಯಾರು ಹೇಳಿದರು?’ ಎಂದು ಕೇಳಿದೆವು. ಬಹಳ ಹೊತ್ತು ಮೌನ. ಆಮೇಲೆ ಪಕ್ಕದಲ್ಲಿ ನಿಂತಿದ್ದವಳು ಅವಳ ಹೆಸರನ್ನು ಹೇಳಿದಳು. ಆ ಹುಡುಗಿಯ ಮನೆ ಕಾಡಿನೊಳಗಿನ ಕೇರಿಯಲ್ಲಿ. ಸಂಕದ ಮೇಲೆ ಹುಲ್ಲುಹೊರೆ ಹೊತ್ತವರು ಎದುರಾದಾಗ ಹೇಗೆ ದಾಟಬೇಕೆಂಬುದು ಅವಳಿಗೆ ದಿನನಿತ್ಯದ ಸಂಗತಿ. ತಿಳಿದವರು ಅವಳೊಬ್ಬಳೇ, ಕೇಳಿಸದೆ ಹೋದದ್ದೂ ಅವಳ ಮಾತೇ. ಗ್ರಾಮ ಅರಣ್ಯ ಸಮಿತಿಯ ಸಭೆಯಲ್ಲಿ ಬಾಗಿಲ ಬಳಿ ನಿಂತವರ ವಿಷಯ ಆಗ ಹೇಳಿದೆನಲ್ಲ, ಅದೇ ಇದು.

ಆದ್ದರಿಂದ ಆಟಕ್ಕೆ ಅರ್ಧ ಗಂಟೆ ಕೊಟ್ಟರೆ ಆಟದ ನಂತರದ ಮಾತಿಗೂ ಅರ್ಧ ಗಂಟೆ ಇಡಲೇಬೇಕು. ಯಾರು ಮಾತನಾಡಿದರು, ಯಾರ ಮಾತು ಕೇಳಿಸಲಿಲ್ಲ, ಯಾರಿಗೆ ಸಿಟ್ಟು ಬಂತು, ಏಕೆ? ಪ್ರಶ್ನೆಗಳು ಇಷ್ಟೇ ಸಾಕು. ಪ್ರತಿಯೊಬ್ಬರೂ ಅವರವರ ಮನೆಯ ಮಾತಿನಲ್ಲಿಯೇ ಉತ್ತರಿಸಲಿ. ಗ್ರಾಂಥಿಕ ಭಾಷೆ ಬೇಡ, ಈ ಭಾಷಣದ ಭಾಷೆಯಂತೂ ಬೇಡವೇ ಬೇಡ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಚಿಕ್ಕ ಮಕ್ಕಳನ್ನು ಗುಂಪುಗಳಲ್ಲಿ ಕೂರಿಸಿ ಕಲಿಯಲು ಬಿಟ್ಟಿತು. ದೊಡ್ಡ ತರಗತಿಗಳಿಗೆ ಬರುವಷ್ಟರಲ್ಲಿ ಆ ಗುಂಪು ಒಡೆದು ಮತ್ತೆ ಬೆಂಚಿನ ಸಾಲಾಗುತ್ತದೆ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಗೆ ನಮ್ಮ ಶಾಲೆಗಳಿಂದ ಹೋಗುವವರು ಯಾರು? ಚೆನ್ನಾಗಿ ಭಾಷಣ ಮಾಡಬಲ್ಲವರು. ಮುಂದಿನ ಸಭೆಗೆ ಮೊದಲು ಈ ಆಟಗಳಲ್ಲಿ ಎರಡನ್ನಾದರೂ ಆಡಿಸಿ, ನಂತರದ ಮಾತುಕತೆಯಲ್ಲಿ ಹೊರಬಂದ ವಿಷಯಗಳನ್ನೇ ಬರೆದು ಒಯ್ಯಿರಿ. ಕಾಲುಸಂಕವಿಲ್ಲದ ಹಳ್ಳ, ಬಸ್ಸು ನಿಲ್ಲದ ತಿರುವು, ಬೀಗ ಹಾಕಿದ ಶೌಚಾಲಯ ಇವೆಲ್ಲ ಮೆಲುದನಿಯ ಮಕ್ಕಳಿಗೇ ಮೊದಲು ತಿಳಿದಿರುತ್ತವೆ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡ ಕತೆಯನ್ನು ನಾವು ಈ ಪತ್ರಿಕೆಯಲ್ಲಿ ಬಹಳ ಸಲ ಬರೆದಿದ್ದೇವೆ. ಅಪ್ಪಿಕೊಂಡ ಚಿತ್ರ ಎಲ್ಲರಿಗೂ ನೆನಪಿದೆ. ಕೊಡಲಿಯ ಎದುರು ಒಬ್ಬರೇ ಮರವನ್ನು ಅಪ್ಪಿ ನಿಂತರೆ ಎಳೆದು ಬದಿಗೆ ತಳ್ಳುವುದು ಸುಲಭ. ಊರು ಕೂಡಿ ನಿಲ್ಲಬೇಕಾದರೆ ಅದಕ್ಕೆ ಮೊದಲು ಊರು ಕೂಡಿ ಮಾತನಾಡಿರಬೇಕು. ಆ ಮಾತುಕತೆಯ ಚಿತ್ರ ಯಾರ ಬಳಿಯೂ ಇಲ್ಲ, ಅದನ್ನು ತೆಗೆಯಬೇಕೆಂದು ಯಾರಿಗೂ ತೋಚಿರಲಾರದು.

ಇನ್ನು ಮಾತು ಸಾಕು. ಐದೈದು ಜನರಾಗಿ ಕೂಡಿಕೊಳ್ಳಿ. ಪ್ರತಿ ಗುಂಪಿನಲ್ಲಿ ಘಟ್ಟದ ಮೇಲಿನವರು ಇಬ್ಬರಾದರೂ ಇರಲಿ. ಬೋಗುಣಿಗಳು ಮತ್ತು ಹುಣಸೆಬೀಜದ ಚೀಲ ಆ ಹೊಂಗೆಮರದ ಕೆಳಗಿವೆ. ಕಿವಿಮಾತಿನ ಆಟವನ್ನೂ ಕಾಲುಸಂಕದ ಆಟವನ್ನೂ ಶಾಲೆಯ ಅಂಗಳದಲ್ಲಿ ಆಡೋಣ. ಕೆರೆಯ ಬದಿಯಲ್ಲಿ ಕೂಗಾಟ ಬೇಡ, ಅಲ್ಲಿ ಗೂಡುಗಳಿವೆ. ಸಂಜೆ ಇರುಳು ಬಕಗಳು ಮರ ಬಿಟ್ಟು ಮೀನಿಗೆ ಹೊರಡುವ ಹೊತ್ತಿಗೆ ಎಲ್ಲರೂ ಸದ್ದಿಲ್ಲದೆ ದಂಡೆಗೆ ಬಂದು ಕುಳಿತುಕೊಳ್ಳಬೇಕು. ಮೊದಲ ಸುತ್ತಿನಲ್ಲಿ ಮಾತಿಲ್ಲ, ನೆನಪಿರಲಿ.